ಎಡಗಡೆ ಸೀಟಿನ ಮರಳು

ಜೀಲಾಂಗ್‌ನ ಉತ್ತರ ತುದಿ, ನಾರ್ಲೇನ್. ಏಳು ಗಂಟೆಗೇ ಶೆಡ್ಡಿನ ತಗಡು ಕಾದಿತ್ತು.
ಬಂತು ಹಳೇ ಫಾಲ್ಕನ್, ನೆಲ ಮೂಸುತ್ತ;
ಇಳಿಜಾರಿಗೆ ಹೊಟ್ಟೆ ತಾಗಿ ಕಿರ್ರೆಂದದ್ದಕ್ಕೆ
ಪಕ್ಕದಂಗಡಿಯ ನಾಯಿ ಎದ್ದು ಕೂತಿತು.

ದಾರಿಯೋ. ಇಪ್ಪತ್ತಿರಬಹುದು. ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದ.
‘ಅಲೈನ್‌ಮೆಂಟ್ ಮಾಡೋರು?’
‘ನಾನೇ’ ಅಂದೆ.
ಚಕ್ರದ ಹಿಂಬದಿಗೆ ಬೆರಳು ಹಾಕಿದೆ.

ಹೊರಗಿಂದ ಟೈರು ಹೊಚ್ಚಹೊಸದು.
ಒಳ ಅಂಚಿನಲ್ಲಿ ಮಾತ್ರ ತಂತಿ ಎದ್ದು ಚುಚ್ಚಿತು.
ಮೇಲೆ ಥಳಕು ಒಳಗೆ ಹುಳುಕು:
ಗಾದೆ ಕಟ್ಟಿದವರು ಟೈರು ಕಂಡಿರಲಿಲ್ಲ, ಆದರೂ.

‘ಎರಡಿಂಚು ಇಳಿಸಿದೆ, ಅಷ್ಟೇ.’
ಅಷ್ಟೇ!
ಮೈ ಇಳಿದರೆ ತೋಳುಗಳ ಕೋನ ಬದಲಾಗತ್ತೆ ತಮ್ಮಾ,
ಚಕ್ರದ ತಲೆ ಒಳಕ್ಕೆ ವಾಲತ್ತೆ, ಮೂತಿ ಹೊರಕ್ಕೆ ತಿರುಗತ್ತೆ.
ಎರಡು ಚಕ್ರ ಎರಡು ಊರಿಗೆ ಹೊರಟಿವೆ,
ನೀನು ಒಂದೇ ರಸ್ತೆಯಲ್ಲಿ ಎಳಕೊಂಡು ಹೋಗ್ತಿದೀಯ.
ಆ ಜಗಳದ ದಂಡ ತೆರೋದು ರಬ್ಬರು.

ಹುಬ್ಬಳ್ಳಿಯಲ್ಲಿ ನಮ್ಮ ಮಾಮ ಲಾರಿಗಳಿಗೆ ಹುರಿ ಕಟ್ಟಿ
ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ;
ಬೀಡಿ ಆರುವುದರೊಳಗೆ ಸೊಟ್ಟ ಎಷ್ಟೆಂದು ಹೇಳುತ್ತಿದ್ದ.
ಇಲ್ಲಿ ಪರದೆಯ ಮೇಲೆ ಕೆಂಪು ಅಂಕಿ, ಹಸಿರು ಅಂಕಿ.
ನನಗೆ ಈಗಲೂ ಕಾಣುವುದು ಹುರಿಯೇ.

‘ಸ್ಪ್ರಿಂಗ್ ಹಾಕಿ ಎಷ್ಟು ದಿನ?’
‘ನಾಲ್ಕು ತಿಂಗಳು.’
ಕೂರಬೇಕಾದಷ್ಟು ಕೂತಿದೆ ಹಾಗಾದರೆ.
ಗಾಳಿ ನೋಡಿದೆ, ಬುಶ್ಶು ಅಲುಗಿಸಿದೆ, ಆಮೇಲೆ ಮರಳುಚೀಲ.
ಖಾಲಿ ಗಾಡಿಯನ್ನು ನೇರ ಮಾಡಿ ಏನು ಬಂತು,
ರಸ್ತೆಗೆ ಅದು ಖಾಲಿ ಹೋಗಲ್ಲವಲ್ಲ.
‘ನಿನ್ನ ತೂಕ?’
‘ಎಪ್ಪತ್ತೊಂಬತ್ತು.’
ಬಲಗಡೆ ಪೇರಿಸಿದೆ.
‘ಎಡಗಡೆ ಯಾರಾದರೂ ಕೂರ್ತಾರಾ?’

ಯಾವುದಾದರೂ ಹುಡುಗಿಯ ಹೆಸರು ಬರಬಹುದೆಂದು ಕಾದೆ.
‘ಬಾಕಾ’ ಅಂದ. ಕ್ರೊಯೇಷಿಯದವರು ಅಜ್ಜಿಗೆ ಹಾಗನ್ನುತ್ತಾರಂತೆ.
‘ವಾರಕ್ಕೆ ಮೂರು ಸಲ. ಡಯಾಲಿಸಿಸ್.’
‘ಇಷ್ಟು ತಗ್ಗಿನಿಂದ ಏಳೋಕಾಗತ್ತಾ ಅವರಿಗೆ?’
ಬೂಟಿನ ತುದಿ ನೋಡಿದ.
‘ನಾನೇ ಎತ್ತಿ ಇಳಿಸ್ತೀನಿ. ಬೈತಾಳೆ.
ಇದರ ಎಂಜಿನ್ನಿಗೆ ಕೈ ಹಚ್ಚಿದವನು ನಿನ್ನಜ್ಜ,
ನೀನು ನೆಲಕ್ಕೆ ತಿಕ್ಕಿಸ್ತೀಯಲ್ಲೋ ಅಂತ.’

ನಲವತ್ತೆಂಟು ಕೇಜಿ ಇಟ್ಟೆ, ಅಂದಾಜಿಗೆ.
ಅವನು ಬಂದು ಚೀಲ ಮುಟ್ಟಿದ. ಕೈ ಅಲ್ಲೇ ಇತ್ತು ಸ್ವಲ್ಪ ಹೊತ್ತು.
‘ಇದು ಹೋದ ವರ್ಷದ ತೂಕ.’
ಸಣ್ಣದೊಂದನ್ನು ತಾನೇ ಎತ್ತಿ ಹೊರಗಿಟ್ಟ.
ಇನ್ನೊಂದಕ್ಕೆ ಕೈ ಹಾಕಿ, ಬಿಟ್ಟ.
‘ಹೋಗುವಾಗ ಎರಡು ಕೇಜಿ ಜಾಸ್ತಿ ಇರತ್ತೆ, ನೀರಿನದು.
ಬರುವಾಗ ಇರಲ್ಲ. ಯಾವುದಕ್ಕೆ ಮಾಡ್ತೀರಿ?’

ಎರಡು ಕೇಜಿಗೆ ನನ್ನ ಪರದೆಯ ಅಂಕಿ ಕದಲುವುದಿಲ್ಲ.
‘ಬರುವಾಗಿನದಕ್ಕೆ’ ಅಂದೆ.

ಟೈ ರಾಡಿನ ನಟ್ಟು ಬಿಗಿ ಬಿಟ್ಟು ಕಾಲು ಸುತ್ತು,
ಮತ್ತೆ ಅದರ ಅರ್ಧ.
ವಾಲಿದ್ದನ್ನು ಪೂರ್ತಿ ತೆಗೆಯಲು ಬರಲಿಲ್ಲ,
ಅಷ್ಟು ತಗ್ಗಿಗೆ ಬೋಲ್ಟಿನಲ್ಲಿ ಜಾಗವೇ ಇಲ್ಲ;
ಹಾಗಂತ ಚೀಟಿಯಲ್ಲಿ ಬರೆದುಕೊಟ್ಟೆ.

ಚೀಲ ಇಳಿಸಿದ ಮೇಲೆ ಗಾಡಿ ಒಂದು ಕೂದಲೆಳೆ ಮೇಲೆದ್ದಿತು.
ಹೊರಡುವಾಗ ಅದೇ ಇಳಿಜಾರಿನಲ್ಲಿ ಮತ್ತೆ ಕಿರ್ರೆಂದಿತು.
ನಾಯಿ ಈ ಸಲ ಏಳಲಿಲ್ಲ.