ಉಳಿಕೆ

ನೀರು ಬಿಡುವುದು ನಾಲ್ಕೂ ಮುಕ್ಕಾಲಿಗೆ.
ಮಂಡಿ ಮೊಹಲ್ಲಾದ ಸುಣ್ಣದ ಓಣಿಯಲ್ಲಿ
ಚಲುವಯ್ಯ ಆಗಲೇ ಗುಂಡಿಗೆ ಇಳಿದಿರುತ್ತಾನೆ,
ಎದೆಮಟ್ಟದ ಕಬ್ಬಿಣದ ಕೀಲಿಗೆ ಮೈಭಾರ ಕೊಟ್ಟು
ಹನ್ನೊಂದು ಸುತ್ತು ಎಣಿಸುತ್ತ.
ಅವನಪ್ಪ ಮದ್ದೂರಿನ ಕಡೆ ನೀರುಗಂಟಿ,
ನಾಲೆಯಿಂದ ಗದ್ದೆಗೆ ತಿರುಗಿಸುತ್ತಿದ್ದವನು.
ಮಗ ಬೀದಿಗಳಿಗೆ ತಿರುಗಿಸುತ್ತಾನೆ. ಬೈಗುಳ ಅವೇ.

ನನ್ನದು ಸ್ಕೂಟರು, ಸೀಟಿನಡಿ ಐಸಿನ ಡಬ್ಬಿ,
ಕುದಿಸಿ ಮುಚ್ಚಿದ ಬಾಟಲಿ ಆರು.
ನಲ್ಲಿಯ ಬಾಯಿಗೆ ಸ್ಪಿರಿಟ್ಟಿನ ಹತ್ತಿ ಹೊತ್ತಿಸಿ ಹಿಡಿದರೆ
ಕೊಡದ ಸಾಲಿನಿಂದ ಒಬ್ಬಳು:
"ನಲ್ಲಿಗೂ ದೃಷ್ಟಿ ತೆಗೀತೀಯೇನವ್ವ?"
ಎರಡು ನಿಮಿಷ ಸುಮ್ಮನೆ ಹರಿಯಬಿಟ್ಟರೆ ಇನ್ನೊಬ್ಬಳು:
"ಎರಡು ಕೊಡ ಮೋರಿಗೆ ಹಾಕ್ದಲ್ಲ, ಅದ್ನೂ ಬರ್ಕೋ."

ಬರೆದುಕೊಳ್ಳುವುದು ಬೇರೆ.
ಬೆಳಗೊಳದಲ್ಲಿ ಬೆರೆಸಿದ ಕ್ಲೋರಿನ್ನು
ದಾರಿಯುದ್ದಕ್ಕೂ ಯಾರು ಯಾರೊಂದಿಗೋ ಬಡಿದಾಡಿ
ಕೊನೆಯ ನಲ್ಲಿಗೆ ಬರುವಾಗ
ಚೂರಾದರೂ ಉಳಿದಿರಬೇಕು.
ಪಾಯಿಂಟ್ ಎರಡು ಸಾಕು.
ಮಾತ್ರೆ ಹಾಕಿ ಕುಲುಕಿದರೆ
ಎಳೆಗೂಸಿನ ಉಗುರಿನಷ್ಟು ನಸುಗೆಂಪು.
ನಮ್ಮ ರಿಜಿಸ್ಟರಿನಲ್ಲಿ ಅದರ ಹೆಸರು ಉಳಿಕೆ.

ಓಣಿಯ ಮೊದಲ ಮನೆಯಲ್ಲಿ ಕೆಂಪು.
ಹಿಟ್ಟಿನ ಗಿರಣಿಯ ನಲ್ಲಿಯಲ್ಲಿ ಇದೆಯೋ ಇಲ್ಲವೋ.
ಕೊನೆಯದು ಊದಿನಕಡ್ಡಿ ಹೊಸೆಯುವ ಕಮರುನ್ನಿಸಾರ ಮನೆ.
ಅಲ್ಲಿ ಏನೂ ಇಲ್ಲ. ಕನ್ನಡಿಯಷ್ಟು ತಿಳಿ.
"ಮುಂಚೆ ಆಸ್ಪತ್ರೆ ವಾಸ್ನೆ ಹೊಡೀತಿತ್ತು,
ಹದಿನೈದು ದಿನದಿಂದ ನೋಡಿ, ಎಳನೀರು,"
ಎಂದು ಇದ್ದಿಲು ಮೆತ್ತಿದ ಬೆರಳಲ್ಲೇ ಲೋಟ ಚಾಚಿದರು.
ಕುಡಿಯಲಿಲ್ಲ ನಾನು. ಅವರ ಮುಖ ಸಣ್ಣದಾಯಿತು,
ಬೇರೆ ಏನೋ ಅಂದುಕೊಂಡರು.
ಬಿಡಿಸಿ ಹೇಳೋಣವೆಂದರೆ ನನ್ನ ಕೈಯಲ್ಲಿ
ಬಣ್ಣವೇ ಬಾರದ ಒಂದು ಸೀಸೆ.
ಕಾಯಿಸಿ ಕುಡೀರಿ ಅಂದೆ.
"ಗ್ಯಾಸು ನೀವು ತುಂಬಿಸ್ತೀರಾ?"

ಮೂವತ್ತೇಳು ಡಿಗ್ರಿಯಲ್ಲಿ ಒಂದು ರಾತ್ರಿ,
ಜ್ವರವಿಲ್ಲದ ಮೈಯ ಬಿಸಿ.
ಬೆಳಗ್ಗೆ ಪೆಟ್ಟಿಗೆ ತೆರೆದರೆ ಐದು ಸೀಸೆ ಇಟ್ಟ ಹಾಗೇ ಇವೆ,
ಆರನೆಯದು ಕಪ್ಪು. ಅವರ ಬೆರಳಿನ ಕಪ್ಪು.
"ನಿಮ್ಮ ಕೈ ತಾಗಿರಬೇಕು, ಇನ್ನೊಂದು ಸಲ ತನ್ನಿ," ಸಾಹೇಬರು.
ತಂದೆ. ತಾಗಿತ್ತೇ ಎಂದು ರಾತ್ರಿಯಿಡೀ
ಕೈ ನೋಡಿಕೊಂಡೆ.
ಎರಡನೆಯದೂ ಕಪ್ಪು.

ಅಗೆದರು. ಮೋರಿಯ ಕಲ್ಲಿನ ಕೆಳಗೆ, ಗೇಣು ಆಳದಲ್ಲಿ
ಪೈಪಿನ ಸಂದಿಗೆ ಸೈಕಲ್ ಟ್ಯೂಬು ಸುತ್ತಿ
ಯಾರೋ ಬಿಗಿದಿದ್ದರು ಗಂಟು.
ಯಾರೋ ಅಂದೆ. ಆ ಗಂಟು ನನಗೆ ಗೊತ್ತು:
ತೂಬಿನ ಬಾಯಿಗೆ ಗೋಣಿ ಕಟ್ಟುವ ಗಂಟು,
ನನ್ನ ಐಸಿನ ಡಬ್ಬಿ ಜಾರದಂತೆ
ಚಲುವಯ್ಯನೇ ಒಮ್ಮೆ ಹಾಕಿಕೊಟ್ಟದ್ದು.
ಅವನು ಗುಂಡಿಯಂಚಿನಲ್ಲಿ
ಬಾಯಿಗಿಟ್ಟ ಬೀಡಿ ಹಚ್ಚದೆ ಕೂತಿದ್ದ.
"ಕಾಲರ್ ಬೇಕೂಂತ ಮೂರ್ ಸಲ ಬರ್ಕೊಟ್ಟೆ ಕಣವ್ವ.
ಸ್ಟೋರ್‌ನಲ್ಲಿ ಇಲ್ಲ ಅಂದ್ರು.
ಓಣಿ ಒಣಗ್ತಿತ್ತು."

ವರದಿಯಲ್ಲಿ ಬರೆದೆ: ಸಂದಿ ಸಡಿಲ.
ಯಾರ ಗಂಟು ಎಂಬುದಕ್ಕೆ ಕಾಲಂ ಇಲ್ಲ.
ಇದ್ದಿದ್ದರೆ ಏನು ಬರೆಯುತ್ತಿದ್ದೆನೋ, ಗೊತ್ತಿಲ್ಲ.

ಶುಕ್ರವಾರ ಹೊಸ ಕಾಲರು. ಹನ್ನೊಂದು ಸುತ್ತು.
ಮೊದಲು ಕೆಸರು, ಆಮೇಲೆ ಗಾಳಿಯ ಕೆಮ್ಮು,
ಆಮೇಲೆ ನೀರು.
ಮಾತ್ರೆ ಹಾಕಿ ಕುಲುಕಿ ಬೀದಿದೀಪಕ್ಕೆ ಹಿಡಿದೆ.
ಇತ್ತು, ಉಗುರಿನಷ್ಟು.
ಕಮರುನ್ನಿಸಾ ಒಂದು ಗುಟುಕು ಬಾಯಿಗಿಟ್ಟು ಉಗಿದರು:
"ತಗೊಳ್ಳಿ, ಮತ್ತೆ ಅದೇ ಆಸ್ಪತ್ರೆ."

ಈ ಸಲ ನಾನೇ ಕೇಳಿದೆ, ಒಂದು ಲೋಟ.
ಒಳಗೆ ಹೋದವರು ಬರಲು ತಡಮಾಡಿದರು.
ಅಷ್ಟರಲ್ಲಿ ಚಲುವಯ್ಯ ನಲ್ಲಿಗೆ ಬೊಗಸೆ ಒಡ್ಡಿ,
ಕುಡಿಯದೆ, ಮುಖಕ್ಕೆ ಎರಚಿಕೊಂಡ.
ಲೋಟ ಬಂತು. ಅಂಚಿನಲ್ಲಿ
ಇದ್ದಿಲಿನ ಒಂದು ಬೆರಳಚ್ಚು.
ಒರೆಸದೆ ಕುಡಿದೆ.