ಪೆನ್ಸಿಲ್ಲು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿಗೆ
ಠಾಣೆಯೂ ಸೀನುತ್ತದೆ.
ಲಾಕಪ್ಪು, ಕಪಾಟು, ಗೋಡೆಯ ಮೇಲಿನ ಸತ್ಯಮೇವ ಜಯತೆ,
ಎಲ್ಲದರ ಮೇಲೂ ಒಂದು ಪದರ ಕೆಂಪು.

ರಾತ್ರಿ ಪಾಳಿ ನನ್ನದು.
ಒಂಬತ್ತೂವರೆಗೆ ಬಂದಳು ಫಕೀರವ್ವ,
ದಿನವಿಡೀ ತುಂಬು ಬಿಡಿಸಿದ ಬೆರಳುಗಳನ್ನು
ಮೈಗೆ ತಾಗದಂತೆ ಎತ್ತಿ ಹಿಡಿದು.
"ಬರಕೋರಿ," ಅಂದಳು. "ನಿಮ್ಮಂವನ."

ನಮ್ಮವನೇ.
ಹೋದ ವಾರ ನನ್ನ ಡಬ್ಬಿಯ ರೊಟ್ಟಿ ತಿಂದವನು.
ಹಿಂದಿನ ಕುರ್ಚಿಯಿಂದ ಸಾಹೇಬರ ದನಿ:
"ಸದ್ಯ ಪೆನ್ಸಿಲ್ಲಿನ್ಯಾಗ ಬರಿಯವಾ. ಮುಂಜಾನೆ ನೋಡೂಣು."

ಪೆನ್ಸಿಲ್ಲು ನನಗೆ ಗೊತ್ತು.
ಹೊಸ ಕಟ್ಟಡದ ನಕ್ಷೆಯಲ್ಲಿ
ಹೆಣ್ಣುಮಕ್ಕಳ ಪಾಯಖಾನೆ: ಪೆನ್ಸಿಲ್ಲು.
ಮೂರು ವರ್ಷದ ಕೆಳಗೆ ಬಂದೋಬಸ್ತಿನ ವ್ಯಾನಿನಲ್ಲಿ
ನನ್ನ ಮೊಣಕಾಲ ಮೇಲೆ ಬಿದ್ದ ಕೈ,
ಹಾವೇರಿಗೆ ನಾನೇ ಒಯ್ದು ಕೊಟ್ಟ ಅರ್ಜಿ, ಅದೂ.
ರಬ್ಬರಿನ ಪುಡಿ ಊದಿದವರು ಯಾರೆಂದು
ಯಾವ ರಿಜಿಸ್ಟರಿನಲ್ಲೂ ಇಲ್ಲ.

ಪೆನ್ನಿನ ಮುಚ್ಚಳ ತೆಗೆದೆ.
ಹೇಳಿದಷ್ಟೂ ಬರೆದೆ,
ತಡವರಿಸಿದಲ್ಲಿ ಕಾದೆ.
ಆಮೇಲೆ ಓದಿ ಹೇಳಿದೆ, ಗಟ್ಟಿಯಾಗಿ, ಹಿಂದಿನ ಕುರ್ಚಿಗೂ ಕೇಳುವ ಹಾಗೆ.

"ಇದರಾಗ ಅಂವನ ಹೆಸರು ಯಾವುದವಾ?"
ತೋರಿಸಿದೆ.
ಅಕ್ಷರ ಬಾರದ ಬೆರಳು ಅದರ ಮೇಲೆ ಕೂತಿತು,
ಹರಿದಾಡುವ ಇರುವೆಯನ್ನು ಅದುಮಿ ಹಿಡಿದಂತೆ.
"ಮತ್ತ ನಿಮ್ಮದು?"

ನನ್ನದಿರಲಿಲ್ಲ. ಬಕಲ್ ನಂಬರಷ್ಟೇ ಹಾಕಿದ್ದೆ.
ಪಕ್ಕದಲ್ಲಿ ಬರೆದೆ: ರೇಣವ್ವ ತಳವಾರ.
ಕುರ್ಚಿ ಕಿರ್ರೆಂದಿತು.

ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ
ಸಂಚಿಯಲ್ಲಿಟ್ಟುಕೊಂಡು ಎದ್ದಳು.
ಮೇಜಿನ ಮೇಲೆ ಅವಳ ಬೆರಳಿನ ಗುರುತು, ಕೆಂಪಗೆ.
ಅವಳಿಗೆ ಖಾರ ರೂಢಿ.
ಸೀನಿದ್ದು ನಾನು,
ಕಣ್ಣಲ್ಲಿ ನೀರು ಬರುವಷ್ಟು.