ಖಾಲಿ ಗೂಟ

ಚುನಾವಣಿ ಬಂತು. ಬಂದೂಕು ತಂದು ಒಪ್ಪಿಸ್ರಿ ಅಂತ
ಠಾಣೇದಿಂದ ಚೀಟಿ ಬಂತು, ನನ್ನ ಹೆಸರಿಗೇ:
ನೀಲಗಂಗಮ್ಮ, ಗಂಡ ಮಲ್ಕಣ್ಣ, ಸೇಡಂ ತಾಲೂಕು.
ವೋಟಿನ ಚೀಟಿ ಬಿಟ್ರ
ಸರಕಾರ ನನ್ನ ಹೆಸರು ಹಿಡದು ಕರಿಯೋದು
ಇದೊಂದಕ್ಕೇ.

ಮಾವ ಹೋಗೋ ಮುಂದ ಹೊಲ ಮಗನಿಗೆ ಬರೆದ,
ಬಂದೂಕು ನನಗ.
ಮಗ ತೊಗರಿಬ್ಯಾಳಿ ಲಾರಿ ಹತ್ತಿ ಲಾತೂರ, ಸೋಲಾಪುರ;
ತಿಂಗಳಾಗ ಹತ್ತು ರಾತ್ರಿ ಮನ್ಯಾಗ.
'ಉಳಿದ ಇಪ್ಪತ್ತು ರಾತ್ರಿ ಯಾರವು?' ಅಂತ
ಕಚೇರಿ ಬಾಬೂಗ ಕೇಳಿದ್ದ ಮಾವ.
ಬಾಬು ನಕ್ಕ.
ಎಂಟು ತಿಂಗಳು ನಕ್ಕೋತ ಓಡಾಡಿಸಿದ.

ಒಂಟಿ ನಳಿಗಿ. ಹನ್ನೆರಡು ಬೋರು.
ಕಟ್ಟಿಗಿಗೆ ಕುಸುಬಿ ಎಣ್ಣಿ ಕುಡಿಸಿ ಕುಡಿಸಿ
ಹಳೇ ಬೆಲ್ಲದ ಬಣ್ಣ ಬಂದದ.
ತುದೀಗಿ ಹಿತ್ತಾಳಿ ಮಣಿ, ಜೋಳದ ಕಾಳಿನಷ್ಟು;
ದಸ್ತಗೀರ ಮಿಸ್ತ್ರಿ ಅದಕ್ಕ ಮಖ್ಖಿ ಅಂತಾನ.
ಅದರ ಮೈಮ್ಯಾಲ ಅದೊಂದೇ ಒಡವಿ.

ಮೈದುನನ ಮಗ ರೇವಣ ಕಲಬುರಗಿಂದ ಬಂದಾಗ
ಫೋನು ತೆಗೆದು ತೋರಿಸಿದ:
ಬ್ಯಾಟರಿ ಕೂಡಿಸಿದ್ದು, ಕೆಂಪು ಚುಕ್ಕಿ ಬೀಳೋದು,
ಕರೇ ಪ್ಲಾಸ್ಟಿಕ್ಕಿನ ಹಿಡಿ.
'ದೊಡ್ಡವ್ವ, ಇದಕ್ಕೂ ಹಚ್ಚಿಸಬಹುದು.'
ಮಿಸ್ತ್ರಿ ಅಂಗಡ್ಯಾಗ ಕೇಳಿದೆ.
ಅವ ನಳಿಗಿಯೊಳಗ ಕಣ್ಣಿಟ್ಟು ನೋಡ್ತಿದ್ದ,
ಬ್ಯಾಸಗ್ಯಾಗ ಬಾವಿ ನೋಡಿದಂಗ.
'ಕರೆಂಟು ಹೋದಾಗ ರೊಟ್ಟಿ ಬಡೀತಿ ಇಲ್ಲ ತಾಯಿ?
ಹಂಚಿಗೆ ಬ್ಯಾಟರಿ ಕಟ್ಟೀಯೇನು?'
ನೂರೈವತ್ತು ರೂಪಾಯಿ ತಗೊಂಡ,
ಬರೇ ಎಣ್ಣಿ ಹಚ್ಚಿದ್ದಕ್ಕ.

ಒಂದೇ ಸಲ ಹಾರಿಸೀನಿ.
ಬಿಟ್ಟುಹೋದ ಫರ್ಸಿ ಖಣಿಯೊಳಗ ಮಾವ ಕಲಿಸಿದ.
ಎದುರಿಗೆ ತೂತಾದ ಎಣ್ಣಿ ಡಬ್ಬಿ.
ಡಬ್ಬಿಗೆ ಏನೂ ಆಗಲಿಲ್ಲ;
ನನ್ನ ಹೆಗಲು ನೇರಳೆ ಹಣ್ಣಿನಂಗ ಆತು.
ಸೆರಗು ಸರಿದಾಗ ನಳದ ಕಟ್ಟಿಮ್ಯಾಗ
ಹೆಂಗಸರು ನೋಡಿದ್ರು, ಸುಮ್ಮನಾದ್ರು.
ಲಾತೂರಿಂದ ಗಂಡ ಬಂದಾಗ
ಓಣಿ ಎಲ್ಲ ಅವನ್ನ ಕೆಕ್ಕರಿಸಿ ನೋಡಿತು.
'ಏನಾಗ್ಯಾದ ಈ ಮಂದಿಗೆ?' ಅಂದ ಪಾಪ.
ಎರಡು ದಿನ ಹೇಳಲಿಲ್ಲ ನಾನು.
ಯಾಕಂತ ಈಗೂ ತಿಳಿದಿಲ್ಲ.

ಕೌದ್ಯಾಗ ಸುತ್ತಿ ಬಸ್ಸು ಹತ್ತಿದೆ.
ಹೆಣ್ಣಮಕ್ಕಳಿಗೆ ಪುಕ್ಕಟೆ.
ಕೌದಿಯೊಳಗಿಂದು ಹೆಣ್ಣೋ ಗಂಡೋ
ಕಂಡಕ್ಟರ್ ಕೇಳಲಿಲ್ಲ.

ಠಾಣ್ಯಾಗ ಗ್ವಾಡಿಗೆ ಆತು ನಿಂತಿದ್ದವು
ಇಪ್ಪತ್ತಮೂರು ಬಂದೂಕು, ಕೊರಳಾಗ ಚೀಟಿ,
ದವಾಖಾನಿ ಪಾಳ್ಯಾಗ ಮುದುಕರು ಕುಂತಂಗ.
ಹವಾಲ್ದಾರ ಬರಕೊಂಡ: ಒಂಟಿ ನಳಿಗೆ. ಸಾದಾ. ಬದಲಾವಣೆ ಇಲ್ಲ.
ಮದುವಿ ಆದಾಗ ನನ್ನ ನೋಡಾಕ ಬಂದವರೂ
ಹಿಂಗೇ ಏನೋ ಅಂದಿದ್ರು.

ರಸೀದಿ ತಂದು ಗೂಟಕ್ಕ ಚುಚ್ಚಿದೆ.
ಬಂದೂಕು ಇದ್ದಾಗ ಗೂಟದ ಕಡೆ
ವಾರಕ್ಕೊಮ್ಮೆ ನೋಡ್ತಿದ್ದೆ, ಧೂಳು ಒರಸೋದಕ್ಕ.
ಈಗ ಮಗ್ಗಲು ಬದಲಿಸಿದಾಗೊಮ್ಮೆ ನೋಡ್ತೀನಿ.
ಎಲ್ಲರ ಬಂದೂಕೂ ಠಾಣ್ಯಾಗ ಅವ ಅಂತ
ಎಲ್ಲರಿಗೂ ಗೊತ್ತದ.
ಎಲ್ಲರು ಅಂದ್ರ ಎಲ್ಲರೂ.

ಒಂಬತ್ತನೇ ರಾತ್ರಿ. ಅಂಗಳದ ಫರ್ಸಿ ಅಲುಗಿತು.
ಮೂಲ್ಯಾಂದು, ತುಳಿದ್ರೆ ಟಕ್ ಅನ್ನೋದು.
ನಿಂತಿತು. ಮತ್ತ ಟಕ್.
ಕೈ ತಾನೇ ಗೂಟಕ್ಕ ಹೋತು, ಕಾಗದ ಚರ್ ಅಂತು.
ಕೆಳಗ ಮಾವನ ಎಲಿ ಸಂಚಿ.
ಸಂಚ್ಯಾಗ ಅಡಕೊತ್ತು.
ಬಾಗಿಲಿಗೆ ಹತ್ತಿ ನಿಂತು, ಬಾಯಿ ಅಗಲಿಸಿ,
ಒಮ್ಮೆ ಮುಚ್ಚಿದೆ:
ಖಟಕ್.

ಆ ಸಪ್ಪಳ ನನಗ ಗೊತ್ತು.
ತೋಟಾ ಹಾಕಿ ನಳಿಗಿ ಮುಚ್ಚಿದಾಗ
ಅಂಥಾದ್ದೇ ಬರ್ತದ.
ಹೊರಗಿನವನಿಗೂ ಗೊತ್ತಿತ್ತೋ,
ಅಥವಾ ಅದು ಹಂದಿನೋ.
ಬೆಳಗಾಗ ನೋಡಿದೆ;
ಫರ್ಸಿಮ್ಯಾಲ ಹೆಜ್ಜಿ ಮೂಡೂದಿಲ್ಲ.

ವೋಟು ಎಣಿಸಿ ಹದಿನೈದು ದಿನ ಆತು.
ಬಂದು ಒಯ್ಯಿರಿ ಅಂತ ಚೀಟಿ ಬಂದದ.
ಹೋಗ್ತೀನಿ, ಬೇಸ್ತವಾರ ಸಂತಿ ಅದ, ಆವಾಗ.
ಅಡಕೊತ್ತಿಗೆ ಕುಸುಬಿ ಎಣ್ಣಿ ಹಚ್ಚೀನಿ.
ಮಿಸ್ತ್ರಿಗೆ ಹೇಳಿಲ್ಲ.